ಪಶುವೈದ್ಯರಿಗೆ ಪ್ರಶ್ನೆ: ಬೆಕ್ಕಿಗೆ ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರಗಳು. ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಈಗ ಡೊಂಬಿವಲಿಯಲ್ಲಿ ಒಬ್ಬಳೇ ಇದ್ದೇನೆ. ಹನ್ನೆರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ನಮ್ಮ ಕಟ್ಟಡದ ಮೀಟರ್ ಪೆಟ್ಟಿಗೆಯ ಕೆಳಗೆ ಸಿಕ್ಕಿದ ಮರಿಯೇ ಇಂದಿನ ಪುಟ್ಟಿ. ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಮನೆಯಿಂದ ಹೊರಗೆ ಹೋದವಳಲ್ಲ. ಕಳೆದ ವರ್ಷ ಲಸಿಕೆ ಹಾಕಿಸಿದಾಗ 4.6 ಕಿಲೋ ಇದ್ದಳು; ಈಗ 3.4 ಕಿಲೋ. ಊಟ ಮಾತ್ರ ಮೊದಲಿಗಿಂತ ಜಾಸ್ತಿ. ಬಂಗುಡೆ ಬೇಯಿಸಿದ ವಾಸನೆ ಬಂದರೆ ಅಡುಗೆಮನೆಯ ಹೊಸ್ತಿಲಲ್ಲಿ ಕೂಗುತ್ತಲೇ ಇರುತ್ತಾಳೆ. ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುವುದನ್ನು ಇತ್ತೀಚೆಗೆ ಶುರು ಮಾಡಿದ್ದಾಳೆ. ವಾರಕ್ಕೊಮ್ಮೆಯಾದರೂ ವಾಂತಿ ಮಾಡಿಕೊಳ್ಳುತ್ತಾಳೆ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ "ವಯಸ್ಸಾಯಿತು" ಎಂದು ಶಕ್ತಿಯ ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಇನ್ನೊಬ್ಬ ವೈದ್ಯರು ರಕ್ತ, ಮೂತ್ರ, ಥೈರಾಯ್ಡ್, ವೈರಸ್ ಪರೀಕ್ಷೆ, ಎಕ್ಸ್‌ರೇ, ಸೋನೋಗ್ರಫಿ, ಬೇಕಾದರೆ ಬಯಾಪ್ಸಿ ಎಂದು ಪಟ್ಟಿ ಬರೆದು, ಬಯಾಪ್ಸಿ ಬಿಟ್ಟು ಸುಮಾರು 22,000 ರೂಪಾಯಿ ಆಗುತ್ತದೆ ಎಂದರು. ನನ್ನದು ಪಿಂಚಣಿಯ ಬದುಕು. ಪಕ್ಕದ ಮನೆಯವರು "ಮುದಿ ಬೆಕ್ಕಿಗೆ ಯಾಕೆ ಅಷ್ಟು ಸೂಜಿ ಚುಚ್ಚಿಸುತ್ತೀರಿ ಟೀಚರ್" ಎನ್ನುತ್ತಾರೆ. ಎಲ್ಲ ಪರೀಕ್ಷೆಗಳೂ ಬೇಕೇ? ಕೆಲವನ್ನು ಬೇಡವೆಂದರೆ ಅವಳಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 4.6 ಮತ್ತು 3.4 ಎಂಬ ಎರಡು ಅಂಕೆಗಳ ಮೇಲೆ. ಒಂದು ಕಿಲೋ ಇನ್ನೂರು ಗ್ರಾಂ ಎಂದರೆ ಕೇಳುವುದಕ್ಕೆ ಸಣ್ಣದು. ಆದರೆ ಪುಟ್ಟಿ ತನ್ನ ದೇಹದ ಕಾಲುಭಾಗವನ್ನು ಕಳೆದುಕೊಂಡಿದ್ದಾಳೆ. ಅರವತ್ತು ಕಿಲೋ ತೂಗುತ್ತಿದ್ದ ಮನುಷ್ಯರೊಬ್ಬರು, ಹೊಟ್ಟೆ ತುಂಬ ಉಣ್ಣುತ್ತಲೇ, ಒಂದು ವರ್ಷದಲ್ಲಿ ನಲವತ್ತನಾಲ್ಕಕ್ಕೆ ಇಳಿದರೆ ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದಿಲ್ಲ. ಹನ್ನೆರಡು ವರ್ಷದ ಬೆಕ್ಕು ಮನುಷ್ಯರ ಲೆಕ್ಕದಲ್ಲಿ ಸುಮಾರು ಅರವತ್ತನಾಲ್ಕರ ಪ್ರಾಯದ್ದು. ಸರಿಯಾದ ಚಿಕಿತ್ಸೆ ಸಿಕ್ಕರೆ ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ಇರಬಲ್ಲದು. ಆದ್ದರಿಂದ ಪರೀಕ್ಷೆ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಕು ಎಂದೇ. ಎಲ್ಲವೂ ಒಂದೇ ದಿನ ಬೇಕೇ ಎಂದರೆ, ಬೇಡ.

ವಯಸ್ಸಾದ ಬೆಕ್ಕು ಚೆನ್ನಾಗಿ ತಿನ್ನುತ್ತಲೇ ಸೊರಗುತ್ತಿದ್ದರೆ ಕಾರಣಗಳ ವ್ಯಾಪ್ತಿ ಬಹಳ ದೊಡ್ಡದಲ್ಲ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು, ಸಕ್ಕರೆ ಕಾಯಿಲೆ ಬಂದಿರಬಹುದು, ಇಲ್ಲವೇ ಕರುಳು ಆಹಾರವನ್ನು ಹೀರಿಕೊಳ್ಳದಿರಬಹುದು. ನೀರು ಹೆಚ್ಚು ಕುಡಿಯುತ್ತಿರುವುದರಿಂದ ಮೂತ್ರಪಿಂಡಗಳನ್ನೂ ನೋಡಲೇಬೇಕು. ಅವು ಸೋತಾಗ ಸಾಮಾನ್ಯವಾಗಿ ಊಟ ಕಡಿಮೆಯಾಗುತ್ತದೆಯಾದರೂ, ಬೇರೊಂದು ಕಾಯಿಲೆಯ ಜೊತೆಗೆ ಅದೂ ಸೇರಿಕೊಂಡಿರುವ ಬೆಕ್ಕುಗಳು ಅಪರೂಪವೇನಲ್ಲ. ಹಸಿವು ಹೆಚ್ಚಿದ್ದು, ಅಡುಗೆಮನೆಯ ಹೊಸ್ತಿಲಲ್ಲಿ ಎಡೆಬಿಡದೆ ಕೂಗುವುದು, ನೀರು, ವಾಂತಿ, ಇವನ್ನೆಲ್ಲ ಒಟ್ಟಿಗೆ ನೋಡಿದರೆ ನನ್ನ ಅನುಮಾನ ಮೊದಲು ಥೈರಾಯ್ಡಿನ ಕಡೆಗೇ ಹೋಗುತ್ತದೆ. ಆದರೆ ಅನುಮಾನದ ಮೇಲೆ ಔಷಧ ಕೊಡುವಂತಿಲ್ಲ.

ಪಟ್ಟಿಯನ್ನು ಹಿಡಿದು ಕುಳಿತಾಗ ಪ್ರತಿಯೊಂದು ಪರೀಕ್ಷೆಯ ಎದುರಿಗೂ ವೈದ್ಯರಲ್ಲಿ ಒಂದೇ ಮಾತನ್ನು ಕೇಳಿ: "ಇದರ ರಿಪೋರ್ಟು ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಉತ್ತರ ಬೇರೆ ಬೇರೆಯಾಗಿದ್ದರೆ ಆ ಪರೀಕ್ಷೆ ಮಾಡಿಸಿ. ಎರಡಕ್ಕೂ ಒಂದೇ ಉತ್ತರವಾದರೆ ಅದನ್ನು ಮುಂದಕ್ಕೆ ಹಾಕಬಹುದು. ಹೀಗೆ ಕೇಳುವುದರಿಂದ ವೈದ್ಯರಿಗೆ ಬೇಸರವಾಗುತ್ತದೆಂದು ಸಂಕೋಚಪಡಬೇಡಿ. ಉದ್ದನೆಯ ಪಟ್ಟಿ ಬರೆದವರು ಹಣ ಕೀಳಲು ಬರೆದಿದ್ದಾರೆಂದೂ ನಾನು ಭಾವಿಸುವುದಿಲ್ಲ. ಬೆಕ್ಕನ್ನು ಮತ್ತೆ ಮತ್ತೆ ಹಿಡಿದು ತರುವ ಕಷ್ಟ ಬೇಡವೆಂದು, ಬೇಕಾಗಬಹುದಾದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. "ನನ್ನ ಕೈಯಲ್ಲಿ ಈ ತಿಂಗಳು ಇಷ್ಟು ಹಣವಿದೆ, ಇದರಲ್ಲಿ ಯಾವುದು ಮೊದಲು?" ಎಂದು ನೇರವಾಗಿ ಹೇಳಿಬಿಡಿ. ಒಳ್ಳೆಯ ವೈದ್ಯರು ಪಟ್ಟಿಯನ್ನು ಹಂತಗಳಾಗಿ ಒಡೆದು ಕೊಡುತ್ತಾರೆ.

ಮೊದಲ ಹಂತದಲ್ಲಿ ನಾನು ಬಿಡಲೊಪ್ಪದ ಸಂಗತಿಗಳು ರಕ್ತ, ಮೂತ್ರ ಮತ್ತು ರಕ್ತದೊತ್ತಡ. ಒಮ್ಮೆ ಸೂಜಿ ಚುಚ್ಚಿ ತೆಗೆದ ಎರಡು-ಮೂರು ಮಿಲಿ ಲೀಟರ್ ರಕ್ತದಲ್ಲಿಯೇ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಸಕ್ಕರೆ, ಥೈರಾಯ್ಡಿನ ಹಾರ್ಮೋನ್ ಆದ ಟಿ4, ಎಲ್ಲವನ್ನೂ ನೋಡಬಹುದು. ಟಿ4ಗೆಂದು ಮತ್ತೊಂದು ದಿನ ಮತ್ತೊಂದು ಸೂಜಿ ಬೇಕಾಗದಂತೆ ಅದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಸ್ಪಷ್ಟವಾಗಿ ಹೆಚ್ಚಿದ್ದರೆ ಉತ್ತರ ಸಿಕ್ಕಂತೆಯೇ. ಆದರೆ ವಯಸ್ಸಾದ, ಲಕ್ಷಣಗಳಿರುವ ಬೆಕ್ಕಿನಲ್ಲಿ ಟಿ4 ಸಹಜ ಮಿತಿಯ ಮೇಲಂಚಿನಲ್ಲಿ ಬಂದರೆ "ನಾರ್ಮಲ್" ಎಂದು ಮುಚ್ಚಿಡಬಾರದು. ಬೇರೆ ಕಾಯಿಲೆಯಿದ್ದಾಗ ಈ ಅಂಕೆ ಕೆಳಗಿಳಿದು ಥೈರಾಯ್ಡಿನ ತೊಂದರೆಯನ್ನು ಮರೆಮಾಡುವುದುಂಟು. ಆಗ ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಬೇಕಾಗುತ್ತದೆ.

ಖರ್ಚು ಉಳಿಸಲು ಮೂತ್ರಪರೀಕ್ಷೆಯನ್ನು ಬಿಟ್ಟುಬಿಡುವವರು ಬಹಳ ಮಂದಿ, ಮತ್ತು ನನಗೆ ಅತ್ಯಂತ ನೋವಾಗುವುದು ಅದಕ್ಕೇ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದವುಗಳಲ್ಲಿ ಅದೊಂದು, ಹೇಳುವ ಮಾತಂತೂ ದೊಡ್ಡದು. ಮೂತ್ರಪಿಂಡಗಳು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಮಿತಿ ಮೀರುವ ಹೊತ್ತಿಗೆ ಮೂತ್ರಪಿಂಡಗಳ ಸಾಮರ್ಥ್ಯದ ಸುಮಾರು ಮುಕ್ಕಾಲು ಪಾಲು ಹೋಗಿರುತ್ತದೆ. ಮೂತ್ರ ತೆಳ್ಳಗಾಗುವುದು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ. ಆರೋಗ್ಯವಂತ ಬೆಕ್ಕಿನ ಮೂತ್ರ ಗಟ್ಟಿಯಾದದ್ದು, ಅದರ ಸಾಪೇಕ್ಷ ಸಾಂದ್ರತೆ 1.035ಕ್ಕಿಂತ ಮೇಲಿರುತ್ತದೆ. ಸೋತ ಮೂತ್ರಪಿಂಡಗಳದ್ದು 1.008ರಿಂದ 1.012ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್ನು ಸಕ್ಕರೆಯ ವಿಷಯ: ಕ್ಲಿನಿಕ್ಕಿನ ಮೇಜಿನ ಮೇಲೆ ಹೆದರಿ ಮುದುಡಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ, ಕಾಯಿಲೆ ಇಲ್ಲದೆಯೂ, 200 ದಾಟುವುದುಂಟು. ಅದು ಬರೀ ಭಯವೋ ನಿಜವಾದ ಮಧುಮೇಹವೋ ಎಂಬುದಕ್ಕೆ ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಬೇಕು. ಆಗಲೂ ಸಂದೇಹ ಉಳಿದರೆ ಅದೇ ರಕ್ತದಿಂದ ಫ್ರಕ್ಟೋಸಮೀನ್ ಎಂಬ ಪರೀಕ್ಷೆ ಮಾಡಿಸಬಹುದು, ಅದು ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಮೂತ್ರವನ್ನು ವೈದ್ಯರು ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ತೆಗೆಯುವುದು ಉತ್ತಮ. ನಿಮಗೆ ಅದು ಬೇಡವೆನಿಸಿದರೆ, ತಟ್ಟೆಯಲ್ಲಿ ಮಣ್ಣಿನ ಬದಲು ತೊಳೆದು ಒಣಗಿಸಿದ ಮೀನಿನ ತೊಟ್ಟಿಯ ಕಲ್ಲುಗಳನ್ನು ಹಾಕಿ, ಅವಳು ಮೂತ್ರ ಮಾಡಿದ ಮೇಲೆ ಸಿರಿಂಜಿನಿಂದ ಹೀರಿ, ಶುದ್ಧವಾದ ಡಬ್ಬಿಯಲ್ಲಿ ಹಾಕಿ ಕೆಲವೇ ಗಂಟೆಗಳೊಳಗೆ ತಲುಪಿಸಬಹುದು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ.

ಮೂರನೆಯದಾದ ರಕ್ತದೊತ್ತಡ ನಿಮ್ಮ ಪಟ್ಟಿಯಲ್ಲಿ ಇಲ್ಲ. ದಯವಿಟ್ಟು ಕೇಳಿ ಸೇರಿಸಿಕೊಳ್ಳಿ. ಇದನ್ನು ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ವೃತ್ತಿಗೆ ಬಂದ ಹೊಸದರಲ್ಲಿ ಠಾಣೆಯ ನನ್ನ ಚಿಕ್ಕ ದವಾಖಾನೆಗೆ ಹದಿನಾಲ್ಕು ವರ್ಷದ ಒಂದು ಬಿಳಿ ಬೆಕ್ಕನ್ನು ತಂದಿದ್ದರು. ರಕ್ತದ ರಿಪೋರ್ಟಿನಲ್ಲಿ ಮೂತ್ರಪಿಂಡದ ತೊಂದರೆ ಆರಂಭವಾಗಿರುವುದು ಕಂಡಿತು, ಪಥ್ಯ ಬರೆದುಕೊಟ್ಟೆ. ಒತ್ತಡ ನೋಡುವ ಯಂತ್ರ ನನ್ನಲ್ಲಿರಲಿಲ್ಲ, ಬೇರೆಡೆಗೆ ಕಳುಹಿಸಲೂ ಇಲ್ಲ. ಮೂರು ವಾರಗಳ ಮೇಲೆ ಅದೇ ಬೆಕ್ಕು ಬಂದಾಗ ಎರಡೂ ಕಣ್ಣಿನ ಪಾಪೆಗಳು ಪೂರ್ತಿ ಅರಳಿ, ಬಣ್ಣದ ಭಾಗ ಬರಿಯ ದಾರದಷ್ಟು ಉಳಿದಿತ್ತು. ನೆಲಕ್ಕೆ ಬಿಟ್ಟರೆ ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು, ಗೋಡೆಯ ಅಂಚಿಗೇ ನಡೆಯಿತು. ಟಾರ್ಚ್ ಹಿಡಿದರೆ ಪಾಪೆ ಅಲುಗಲಿಲ್ಲ. ಹೆಚ್ಚಿದ ಒತ್ತಡಕ್ಕೆ ಕಣ್ಣಿನ ಒಳಪದರ ಕಿತ್ತುಬಂದಿತ್ತು. ದಿನಕ್ಕೊಂದು ಅಗ್ಗದ ಆಮ್ಲೋಡಿಪಿನ್ ಮಾತ್ರೆಯ ತುಣುಕು ಆ ಕಣ್ಣುಗಳನ್ನು ಉಳಿಸಬಹುದಿತ್ತು. ಮೂತ್ರಪಿಂಡ ಮತ್ತು ಥೈರಾಯ್ಡ್ ಎರಡೂ ಬೆಕ್ಕಿನ ಒತ್ತಡವನ್ನು ಏರಿಸಬಲ್ಲವು. ಮೇಲಿನ ಅಂಕೆ ಪದೇ ಪದೇ 160 ದಾಟಿದರೆ ಎಚ್ಚರವಹಿಸಬೇಕು, 180 ದಾಟಿದರೆ ಚಿಕಿತ್ಸೆ ತಡಮಾಡುವಂತಿಲ್ಲ. ಅಳೆಯುವ ಮುಂಚೆ ಅವಳನ್ನು ಬುಟ್ಟಿಯಲ್ಲಿಯೇ ಐದು-ಹತ್ತು ನಿಮಿಷ ಶಾಂತವಾಗಿರಲು ಬಿಡಬೇಕು, ರಕ್ತ ತೆಗೆಯುವ ಮೊದಲೇ ಅಳೆಯಬೇಕು, ಹಲವು ಸಲ ಅಳೆದು ಸರಾಸರಿ ತೆಗೆಯಬೇಕು.

ಈ ಮೂರನ್ನು ಒಟ್ಟಿಗೆ ಮಾಡಿಸಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಥೈರಾಯ್ಡ್ ಅತಿಯಾದಾಗ ಮೂತ್ರಪಿಂಡಗಳಿಗೆ ರಕ್ತ ಜೋರಾಗಿ ಹರಿಯುತ್ತದೆ, ಜೊತೆಗೆ ಮಾಂಸಖಂಡ ಕರಗಿರುತ್ತದೆ; ಹೀಗಾಗಿ ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮಾತ್ರೆ ಶುರುವಾಗಿ ಥೈರಾಯ್ಡ್ ಹಿಡಿತಕ್ಕೆ ಬಂದಾಗ, ಅಲ್ಲಿಯವರೆಗೆ ಅಡಗಿದ್ದ ಮೂತ್ರಪಿಂಡದ ಕಾಯಿಲೆ ಹೊರಗೆ ಬರಬಹುದು. ಮಾತ್ರೆಯಿಂದಲೇ ಕಿಡ್ನಿ ಹಾಳಾಯಿತೆಂದು ಅನೇಕರು ಔಷಧ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬಾರದು, ಆರಂಭಿಸಿದ ಎರಡರಿಂದ ನಾಲ್ಕು ವಾರಗಳಲ್ಲಿ ಟಿ4 ಮತ್ತು ಮೂತ್ರಪಿಂಡ ಎರಡನ್ನೂ ಮತ್ತೆ ನೋಡಿ ಪ್ರಮಾಣ ಹೊಂದಿಸಬೇಕು. ಆ ಎರಡನೆಯ ಪರೀಕ್ಷೆಗೂ ನಿಮ್ಮ ಲೆಕ್ಕದಲ್ಲಿ ಈಗಲೇ ಹಣ ತೆಗೆದಿಡಿ.

ವೈರಸ್ ಪರೀಕ್ಷೆಯನ್ನೂ ಎಕ್ಸ್‌ರೇಯನ್ನೂ ಸದ್ಯಕ್ಕೆ ಬಿಡಬಹುದು. ಬೇರೆ ಬೆಕ್ಕುಗಳ ಸಂಪರ್ಕವಿಲ್ಲದೆ ಹನ್ನೆರಡು ವರ್ಷ ಮನೆಯೊಳಗೇ ಇದ್ದವಳಿಗೆ ವೈರಸ್ ಮೊದಲ ಪ್ರಶ್ನೆಯಲ್ಲ; ಎಕ್ಸ್‌ರೇ ಬೇಕೆನಿಸುವಂಥ ಉಸಿರಾಟದ ತೊಂದರೆಯನ್ನೂ ನೀವು ಬರೆದಿಲ್ಲ. ಮಲಪರೀಕ್ಷೆ ಮಾತ್ರ ಅಗ್ಗ, ಮಾಡಿಸಿಬಿಡಿ.

ರಕ್ತ, ಮೂತ್ರಗಳಲ್ಲಿ ಕಾರಣ ಸಿಕ್ಕರೆ ಸೋನೋಗ್ರಫಿಯ ಅವಸರವಿಲ್ಲ. ಎಲ್ಲವೂ ಸಹಜವೆಂದು ಬಂದರೆ, ಇಲ್ಲವೇ ವೈದ್ಯರ ಕೈಗೆ ಹೊಟ್ಟೆಯಲ್ಲಿ ಗಂಟು ಸಿಕ್ಕರೆ, ಆಗ ಅದಕ್ಕೆ ಖರ್ಚು ಮಾಡಿ. ಕರುಳಿನ ಗೋಡೆ ದಪ್ಪಗಾಗಿದೆ ಎಂದು ವರದಿ ಬಂದರೆ ಮುಂದಿನ ದಾರಿ ನಿಜಕ್ಕೂ ಕಠಿಣವಾದದ್ದು. ಕರುಳಿನ ದೀರ್ಘಕಾಲದ ಉರಿಯೂತವನ್ನೂ ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರನ್ನೂ ಸ್ಕ್ಯಾನ್ ಖಚಿತವಾಗಿ ಬೇರ್ಪಡಿಸಲಾರದು. ಅದಕ್ಕೆ ಅರಿವಳಿಕೆ ಕೊಟ್ಟು ಕರುಳಿನ ತುಣುಕು ತೆಗೆಯುವ ಬಯಾಪ್ಸಿಯೇ ಬೇಕು. ಇಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಿ. ಎರಡಕ್ಕೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಲಿಂಫೋಮಾಕ್ಕೆ ಜೊತೆಯಲ್ಲಿ ಕ್ಲೋರಾಂಬ್ಯುಸಿಲ್ ಸೇರುತ್ತದೆ. ಆ ಎರಡನೆಯ ಔಷಧವನ್ನು ಕೊಡಿಸುವ, ಅದಕ್ಕೆ ಬೇಕಾದ ರಕ್ತಪರೀಕ್ಷೆಗಳನ್ನು ಆಗಾಗ ಮಾಡಿಸುವ ಸಿದ್ಧತೆ ನಿಮಗಿದ್ದರೆ ಬಯಾಪ್ಸಿಗೆ ಅರ್ಥವಿದೆ. ಇಲ್ಲವೆಂದಾದರೆ ಎರಡು ವಾರ ಪಥ್ಯದ ಆಹಾರ, ಬಿ12 ಇಂಜೆಕ್ಷನ್, ಆಮೇಲೆ ವೈದ್ಯರ ನಿಗಾದಲ್ಲಿ ಸ್ಟೀರಾಯ್ಡ್ ಎಂಬ ದಾರಿಯನ್ನು ಹಿಡಿಯುವುದು ಗೌರವಯುತವಾದ ನಿರ್ಧಾರವೇ. ಆದರೆ ಕ್ರಮ ತಪ್ಪಬಾರದು: ಸ್ಟೀರಾಯ್ಡ್ ಮೊದಲು ಕೊಟ್ಟರೆ ಬಯಾಪ್ಸಿಯ ಫಲಿತಾಂಶ ಮಸುಕಾಗುತ್ತದೆ, ಅಡಗಿದ ಮಧುಮೇಹ ಕೆರಳುತ್ತದೆ. ಮೊದಲ ಕ್ಲಿನಿಕ್ಕಿನಲ್ಲಿ ಕೊಟ್ಟ "ಶಕ್ತಿಯ ಇಂಜೆಕ್ಷನ್" ಯಾವುದೆಂದು ಹೆಸರು ಬರೆಸಿಕೊಂಡು ಬನ್ನಿ. ಅದು ಸ್ಟೀರಾಯ್ಡ್ ಆಗಿದ್ದರೆ ಈಗಿನ ವೈದ್ಯರಿಗೆ ತಿಳಿದಿರಲೇಬೇಕು.

ಸೂಜಿಯ ನೋವಿನ ಬಗ್ಗೆ ನಿಮ್ಮ ನೆರೆಯವರ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ಸೂಜಿಗಿಂತ ಪ್ರಯಾಣವೇ ಬೆಕ್ಕಿಗೆ ಹೆಚ್ಚಿನ ಹಿಂಸೆ. ಬುಟ್ಟಿಯನ್ನು ಒಂದು ವಾರ ಮೊದಲೇ ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ನಿಮ್ಮ ಹಳೆಯ ಸೀರೆ ಹಾಸಿ, ಅಲ್ಲಿಯೇ ಊಟ ಕೊಡಿ. ಹೊರಡುವ ಎರಡು-ಮೂರು ಗಂಟೆ ಮುಂಚೆ ಕೊಡುವ ಗ್ಯಾಬಪೆಂಟಿನ್ ಎಂಬ ಔಷಧ ಭಯವನ್ನು ಬಹಳ ಕಡಿಮೆ ಮಾಡುತ್ತದೆ. ಮೂತ್ರಪಿಂಡದ ಸಂಶಯವಿರುವುದರಿಂದ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಡೊಂಬಿವಲಿಯಲ್ಲಿಯೇ ರಕ್ತ ತೆಗೆಸಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆ ಇದ್ದರೆ ಅದೇ ಒಳ್ಳೆಯದು. ಒಂದುವೇಳೆ ಮುಂದಿನ ಹಂತಕ್ಕೆ ದೊಡ್ಡ ಆಸ್ಪತ್ರೆ ಬೇಕಾದರೆ, ಪರೇಲ್‌ನಲ್ಲಿ 1886ರಿಂದಲೂ ಇರುವ ಬಾಂಬೆ ಪಶುವೈದ್ಯಕೀಯ ಕಾಲೇಜು, ಅಲ್ಲಿಯೇ ಇರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಆರಂಭವಾದ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ, ಇವುಗಳಲ್ಲಿ ವಿಚಾರಿಸಿ, ಸಮಯವನ್ನೂ ಶುಲ್ಕವನ್ನೂ ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಆಫೀಸಿನ ಗರ್ದಿಯ ಹೊತ್ತು ಬೇಡ.

ಅಷ್ಟರೊಳಗೆ ಮನೆಯಲ್ಲಿಯೇ ಎರಡು ಕೆಲಸ ಮಾಡಿ. ಮಕ್ಕಳನ್ನು ತೂಗುವ ತಕ್ಕಡಿ ಸಿಕ್ಕರೆ ವಾರಕ್ಕೊಮ್ಮೆ ಅವಳನ್ನು ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಬಚ್ಚಲಿನ ಬಕೆಟ್ಟನ್ನು ಮುಚ್ಚಿ, ಅಳೆದ ನೀರನ್ನು ಬಟ್ಟಲಿನಲ್ಲಿಟ್ಟು, ಮರುದಿನ ಉಳಿದದ್ದನ್ನು ಅಳೆಯಿರಿ, ನೀರಿಗೆ ಅಡ್ಡಿಮಾಡಬೇಡಿ. ಕಿಲೋಗೆ 100 ಮಿಲಿ ಲೀಟರ್ ಮೀರಿದರೆ, ಅಂದರೆ ಪುಟ್ಟಿಗೆ ದಿನಕ್ಕೆ 340 ದಾಟಿದರೆ, ಅದು ಖಂಡಿತ ಅಸಹಜ. ಈ ಎರಡು ಅಂಕೆಗಳನ್ನು ತಂದ ಮನೆಯವರನ್ನು ಕಂಡರೆ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ. ಒಂದು ದಿನ ಪೂರ್ತಿ ಊಟ ಬಿಟ್ಟರೆ, ಬಾಯಿ ತೆರೆದು ಉಸಿರಾಡಿದರೆ, ವಸ್ತುಗಳಿಗೆ ಡಿಕ್ಕಿ ಹೊಡೆದರೆ, ಹಣದ ಲೆಕ್ಕ ಬದಿಗಿಟ್ಟು ಅಂದೇ ಹೊರಡಿ. ನಮ್ಮ ಮನೆಗಳಲ್ಲಿ ಇರುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ಚೂರನ್ನೂ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಅನ್ಯಾಯದ ಮಾತು ಕೇಳಿದ್ದೀರಿ. ಬಯಾಪ್ಸಿಯನ್ನು ಬೇಡವೆಂದರೆ ನೀವು ಅವಳಿಗೆ ಅನ್ಯಾಯ ಮಾಡಿದಂತಾಗುವುದಿಲ್ಲ. ಆದರೆ ಈ ಮೊದಲ ಹಂತವನ್ನು ಹದಿನೈದು ದಿನಗಳಿಗಿಂತ ಆಚೆಗೆ ತಳ್ಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಹತ್ತು ತಿಂಗಳ ಗಂಡು ಬೆಕ್ಕಿಗೆ ಎರಡು ವಾರಗಳಿಂದ ಜ್ವರ ಇಳಿಯುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ. ಕೊರೋನಾ ವೈರಸ್‌ನ ಆ್ಯಂಟಿಬಾಡಿ ಪಾಸಿಟಿವ್ ಬಂದಿದ್ದರಿಂದ ಎಫ್‌ಐಪಿ (ಬೆಕ್ಕುಗಳಲ್ಲಿ ಆ ವೈರಸ್ಸಿನಿಂದ ಬರುವ ಗಂಭೀರ ಕಾಯಿಲೆ) ಎಂದೂ ಉಳಿಯುವುದಿಲ್ಲವೆಂದೂ ಹೇಳಿದ್ದಾರೆ. ಇನ್ನು ಪರೀಕ್ಷೆ ಮಾಡಿಸಿ ಪ್ರಯೋಜನವಿದೆಯೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಖಂಡಿತ ಇದೆ. ಆ ಒಂದು ಪಾಸಿಟಿವ್ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಬೆಕ್ಕುಗಳ ಈ ಕೊರೋನಾ ವೈರಸ್ ನಮ್ಮ ಕೋವಿಡ್‌ನದಲ್ಲ. ಹಲವು ಬೆಕ್ಕುಗಳು ಜೊತೆಯಲ್ಲಿರುವ ಕಡೆ ಆರೋಗ್ಯವಂತ ಬೆಕ್ಕುಗಳಲ್ಲಿಯೂ ಅದರ ಆ್ಯಂಟಿಬಾಡಿ ಸಾಮಾನ್ಯವಾಗಿ ಕಾಣುತ್ತದೆ. ಬೆಕ್ಕಿಗೆ ಈ ವೈರಸ್ ಯಾವಾಗಲೋ ತಗುಲಿದೆ ಎಂದಷ್ಟೇ ಅದರ ಅರ್ಥ.

ನಿಮಗೆ ಬೇಕಾದ ಉತ್ತರ ಆ ಉಬ್ಬಿದ ಹೊಟ್ಟೆಯಲ್ಲಿಯೇ ಇದೆ. ಸೂಜಿಯಿಂದ ಸ್ವಲ್ಪ ದ್ರವವನ್ನು ತೆಗೆಸಿ. ಎಫ್‌ಐಪಿಯಲ್ಲಿ ಅದು ಸಾಮಾನ್ಯವಾಗಿ ಹಳದಿ ಬಣ್ಣದ್ದಾಗಿ, ಬೆರಳಿಗೆ ಅಂಟುವಂತೆ, ಪ್ರೋಟೀನ್ ತುಂಬಿರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದು ತೊಟ್ಟು ಅಸಿಟಿಕ್ ಆಮ್ಲ ಬೆರೆಸಿ, ಅದರ ಮೇಲೆ ಈ ದ್ರವದ ಹನಿಯನ್ನು ಬಿಟ್ಟರೆ, ಹನಿ ಕರಗದೆ ಮಣಿಯಂತೆ ಉಳಿಯುತ್ತದೆಯೋ ಎಂದು ನೋಡುವ ರಿವಾಲ್ಟಾ ಪರೀಕ್ಷೆಗೆ ಖರ್ಚೇ ಇಲ್ಲವೆನ್ನಬಹುದು. ಹನಿ ಕರಗಿಹೋದರೆ ಎಫ್‌ಐಪಿಯ ಸಂಭವ ಬಹಳ ಕಡಿಮೆ. ಉಳಿದರೆ ಸಂಶಯ ಬಲವಾಗುತ್ತದೆ. ರಕ್ತದಲ್ಲಿ ಅಲ್ಬ್ಯುಮಿನ್ ಮತ್ತು ಗ್ಲೋಬ್ಯುಲಿನ್ ಎಂಬ ಪ್ರೋಟೀನ್‌ಗಳ ಅನುಪಾತ 0.4ಕ್ಕಿಂತ ಕೆಳಗಿದ್ದರೆ ಅದು ಇನ್ನಷ್ಟು ಬಲ ಪಡೆಯುತ್ತದೆ, 0.8ಕ್ಕಿಂತ ಮೇಲಿದ್ದರೆ ಬೇರೆ ಕಾರಣ ಹುಡುಕಬೇಕು. ಸಾಧ್ಯವಾದರೆ ಅದೇ ದ್ರವದಲ್ಲಿ ವೈರಸ್ಸಿನ ಪಿಸಿಆರ್ ಮಾಡಿಸಿ.

ಉಳಿಯುವುದಿಲ್ಲ ಎಂಬುದು ಹಳೆಯ ಕಾಲದ ಮಾತು. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ ಔಷಧದಿಂದ ಈ ಕಾಯಿಲೆಯ ಬೆಕ್ಕುಗಳಲ್ಲಿ ಬಹುಪಾಲು ಚೇತರಿಸಿಕೊಂಡದ್ದನ್ನು ಪ್ರಕಟಿಸಿದ ಮೇಲೆ ಇದರ ಚಿತ್ರವೇ ಬದಲಾಗಿದೆ. ರೂಢಿಯಲ್ಲಿರುವ ಚಿಕಿತ್ಸೆ 84 ದಿನಗಳದ್ದು, ಖರ್ಚಿನದ್ದು. ಅದಕ್ಕಾಗಿಯೇ ಮೊದಲು ದ್ರವದ ಪರೀಕ್ಷೆಯಾಗಲಿ. ಕಾಯಿಲೆ ವೇಗವಾಗಿ ಹೋಗುವಂಥದ್ದು, ಈ ವಾರದಲ್ಲೇ ಮಾಡಿಸಿ.

ಪ್ರಶ್ನೆ: ನಾಲ್ಕು ವರ್ಷದ ಗಂಡು ಬೆಕ್ಕು ನಿನ್ನೆಯಿಂದ ಮಣ್ಣಿನ ತಟ್ಟೆಯಲ್ಲಿ ಪದೇ ಪದೇ ಕುಳಿತು ನರಳುತ್ತದೆ, ಮೂತ್ರ ಹನಿಯೂ ಬರುತ್ತಿಲ್ಲ. ಯಾವ ಪರೀಕ್ಷೆ ಮಾಡಿಸಬೇಕು?
– ಓದುಗರೊಬ್ಬರು, ಮಡಗಾಂವ್, ಗೋವಾ

ಉತ್ತರ: ಈ ಪತ್ರ ತಲುಪಿದ ಗಂಟೆಯಲ್ಲಿಯೇ ಇವರಿಗೆ ಫೋನ್ ಮಾಡಿ ಆಸ್ಪತ್ರೆಗೆ ಕಳುಹಿಸಿದ್ದೇವೆ. ಇತರ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನಿಂದಲೋ ಲೋಳೆಯಿಂದಲೋ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಇಲ್ಲಿ ಯಾವ ಪರೀಕ್ಷೆಯನ್ನು ಆರಿಸಬೇಕೆಂದು ಕುಳಿತು ಯೋಚಿಸುವ ಹೊತ್ತಲ್ಲ. ವೈದ್ಯರು ಹೊಟ್ಟೆ ಮುಟ್ಟಿ ನೋಡಿದರೆ ಮೂತ್ರಕೋಶ ಕಲ್ಲಿನಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಕಟ್ಟು ಬಿಡಿಸಿ, ಸಲೈನ್ ಏರಿಸಿ, ರಕ್ತಪರೀಕ್ಷೆಯನ್ನು ಅದರ ಜೊತೆಯಲ್ಲಿಯೇ ಮಾಡುತ್ತಾರೆ. ಹರಳು ಯಾವುದು, ಆಹಾರ ಯಾವುದು ಎಂಬ ವಿಚಾರಗಳಿಗೆ ಮರುದಿನ ಬಿಡುವಿರುತ್ತದೆ. ಮಲಬದ್ಧತೆ ಇರಬಹುದೆಂದು ಮನೆಯಲ್ಲಿ ಎಣ್ಣೆ ಕುಡಿಸುತ್ತಾ ಕೂರಬೇಡಿ. ಅರ್ಧರಾತ್ರಿಯಾದರೂ ಹೊರಡಿ.